ಸಂಖ್ಯೆಯಿಂದ ಹೆಸರಿಗೆ: ಸೈನಿಕ ಪೂರ್ವಜರ ಸೇವಾವೃತ್ತಾಂತದ ಶೋಧ

ಬೇಗೂರಿನಲ್ಲಿ ದೊರೆತ ಸುಮಾರು ಕ್ರಿ.ಶ. 890ರ ವೀರಗಲ್ಲು, ಬೆಂಗಳೂರು ಎಂಬ ಊರ ಹೆಸರಿನ ಪ್ರಾಚೀನ ಉಲ್ಲೇಖವೆಂದು ಪ್ರಸಿದ್ಧವಾಗಿದೆ. ಆದರೆ ಆ ಕಲ್ಲನ್ನು ನಿಲ್ಲಿಸಿದವರ ಉದ್ದೇಶ ಊರಿನ ಹೆಸರನ್ನು ಉಳಿಸುವುದಾಗಿರಲಿಲ್ಲ; ಕಾಳಗದಲ್ಲಿ ಮಡಿದವನ ಹೆಸರನ್ನು ಉಳಿಸುವುದಾಗಿತ್ತು. ಶಾಸನವುಳ್ಳ ವೀರಗಲ್ಲುಗಳು ಸಾಮಾನ್ಯವಾಗಿ ಸತ್ತವನು ಯಾರು, ಯಾರ ಮಗ ಅಥವಾ ಯಾರ ಆಳು, ಯಾವ ಹೋರಾಟದಲ್ಲಿ ಬಿದ್ದನು ಎಂಬುದನ್ನು ಹೇಳುತ್ತವೆ. ಕನ್ನಡನಾಡಿನಲ್ಲಿ ಸಾಮಾನ್ಯ ಯೋಧನಿಗೂ ಹೆಸರಿನ ಹಕ್ಕಿತ್ತೆಂಬುದಕ್ಕೆ ಇವು ಸಾಕ್ಷಿ.

ಇದಾದ ಸಾವಿರ ವರ್ಷಗಳ ಅನಂತರ, 1929ರಲ್ಲಿ, ಇರಾಕಿನ ಬಸ್ರಾದಲ್ಲಿ ಮತ್ತೊಂದು ಯುದ್ಧಸ್ಮಾರಕ ಸಿದ್ಧವಾಯಿತು. ಮೊದಲನೆಯ ಮಹಾಯುದ್ಧದ ಮೆಸಪಟೋಮಿಯಾ ರಂಗದಲ್ಲಿ ಮಡಿದು, ಗೊತ್ತಾದ ಸಮಾಧಿಯಿಲ್ಲದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಯ ಸ್ಮರಣೆಗಾಗಿ ಅದನ್ನು ನಿರ್ಮಿಸಲಾಯಿತು. ಅಧಿಕಾರಿಗಳ ಹೆಸರುಗಳನ್ನು ಅದರಲ್ಲಿ ಕೆತ್ತಲಾಯಿತು. ಭಾರತೀಯ ಸಿಪಾಯಿಗಳು ಮಾತ್ರ ಅವರವರ ದಳದ ಹೆಸರಿನ ಕೆಳಗೆ ಬರಿಯ ಸಂಖ್ಯೆಯಾಗಿ ಉಳಿದರು. ದೇಶದ ಅನೇಕ ಹಳ್ಳಿಗಳಲ್ಲಿ ಆ ಯುದ್ಧದ ತರುವಾಯ ನೆಟ್ಟ ಫಲಕಗಳ ರೀತಿಯೂ ಬಹುಮಟ್ಟಿಗೆ ಇದೇ: ಊರಿನಿಂದ ಎಷ್ಟು ಮಂದಿ ಹೋದರು, ಎಷ್ಟು ಮಂದಿ ಮಡಿದರು ಎಂಬ ಲೆಕ್ಕವಷ್ಟೇ ಅಲ್ಲಿದೆ. ಯುದ್ಧಸಮಾಧಿ ಆಯೋಗವು ಸ್ಮರಣೆಯಲ್ಲಿ ನಡೆದ ಇಂಥ ಅಸಮಾನತೆಯನ್ನು 2021ರ ವರದಿಯ ಸಂದರ್ಭದಲ್ಲಿ ಒಪ್ಪಿ ಕ್ಷಮೆ ಕೋರಿತು. ಗತಿಸಿದ ಹಿರಿಯನೊಬ್ಬನ ಸೇವಾವೃತ್ತಾಂತವನ್ನು ಹುಡುಕುವುದೆಂದರೆ ಈ ಸಂಖ್ಯೆಯನ್ನು ಮತ್ತೆ ಹೆಸರಾಗಿಸುವ ಕಾರ್ಯ.

ಕನ್ನಡಿಗರ ಮಟ್ಟಿಗೆ ಈ ಶೋಧಕ್ಕೆ ಒಂದು ವಿಶೇಷ ತೊಡಕುಂಟು. ಬ್ರಿಟಿಷರ ಕಾಲದ ಸೈನ್ಯವು ಜನರನ್ನು ಭಾಷೆಯಿಂದ ಗುರುತಿಸದೆ ಜಾತಿ, ಮತ, ಪ್ರಾಂತಗಳಿಂದ ಗುರುತಿಸಿತು. ಕನ್ನಡ ಪ್ರದೇಶವಾದರೋ ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಹೀಗಾಗಿ ಸೈನ್ಯದ ದಫ್ತರದಲ್ಲಿ 'ಕನ್ನಡಿಗ' ಎಂಬ ಶೀರ್ಷಿಕೆಯಡಿ ಹುಡುಕಿ ಫಲವಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರಗಳ ಕನ್ನಡ ಮನೆಯಿಂದ ಹೋದವನು ಮರಾಠಾ ದಳದ ಪಟ್ಟಿಯೊಂದರಲ್ಲಿ ಸಿಗಬಹುದು. ಅಲ್ಲಿ ಅವನ ಗುರುತು ಹೇಳುವುದು ಊರು, ತಾಲ್ಲೂಕುಗಳ ಹೆಸರು. ಜೊತೆಗೆ ವ್ಯಕ್ತಿನಾಮದ ಕೊನೆಯ 'ಅಪ್ಪ', 'ಗೌಡ'ಗಳು. ಆದರೂ ಇಂಥ ಪ್ರತ್ಯಯಗಳು ನೆರೆಭಾಷೆಗಳ ಗಡಿಯಲ್ಲಿಯೂ ಬಳಕೆಯಲ್ಲಿರುವುದರಿಂದ ಅವು ಸುಳಿವೇ ಹೊರತು ನಿರ್ಣಾಯಕ ಪ್ರಮಾಣವಲ್ಲ. ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡ ಹೆಸರು ಹಲವು ರೂಪ ತಾಳುತ್ತದೆ. ಯಲ್ಲಪ್ಪ ಎಲಾಪನಾಗಬಹುದು, ಲಿಂಗಪ್ಪ ನಿಂಗಾಪನಾಗಬಹುದು. ಕನ್ನಡದ ಉಚ್ಚಾರ ಮತ್ತು ಪ್ರಾದೇಶಿಕ ಭೇದಗಳನ್ನು ಬಲ್ಲ ವಿದ್ಯಾರ್ಥಿಯೇ ಈ ರೂಪಗಳನ್ನು ಒಂದುಗೂಡಿಸಲು ಸಮರ್ಥ.

ಶೋಧ ಮನೆಯಿಂದಲೇ ಆರಂಭವಾಗತಕ್ಕದ್ದು. ಪಿಂಚಣಿ ಕಾಗದ, ಬಿಡುಗಡೆ ಪತ್ರ, ಸಮವಸ್ತ್ರದ ಗುಂಡಿ, ಛಾಯಾಚಿತ್ರದಲ್ಲಿ ಕಾಣುವ ಟೋಪಿಯ ಲಾಂಛನ, ಇವೆಲ್ಲವೂ ಆಕರಗಳೇ. ಮೊದಲನೆಯ ಮಹಾಯುದ್ಧದ ದುಂಡು ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳಗಳು ನಮೂದಾಗಿರುತ್ತವೆ. ಆಗ ಸಂಖ್ಯೆಗಳನ್ನು ಆಯಾ ದಳವೇ ಕೊಡುತ್ತಿದ್ದುದರಿಂದ ಸಂಖ್ಯೆಯೊಂದೇ ಸಾಲದು. ದಳದ ಹೆಸರೂ ಬೇಕು. ಆ ಹೆಸರಾದರೂ ಸ್ಥಿರವಾದುದಲ್ಲ. ಪದಕದ ಮೇಲೆ 110ನೆಯ ಮರಾಠಾ ಎಂದಿದ್ದರೆ, ಆ ದಳವು 1922ರ ಪುನಾರಚನೆಯಲ್ಲಿ ಐದನೆಯ ಮರಾಠಾ ಲಘು ಪದಾತಿದಳದ ಮೂರನೆಯ ಬೆಟಾಲಿಯನ್ ಆಯಿತೆಂದೂ, 1952ರಲ್ಲಿ ಪ್ಯಾರಾಶೂಟ್ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ ಆಯಿತೆಂದೂ ತಿಳಿದಿರಬೇಕು. ಅದೇ ದಳವು 1916ರ ಏಪ್ರಿಲ್ 29ರಂದು ಕುತ್-ಅಲ್-ಅಮಾರಾದಲ್ಲಿ ಶರಣಾದ ಸೈನ್ಯದಲ್ಲಿತ್ತೆಂಬ ಸಂಗತಿ ಗೊತ್ತಿದ್ದರೆ, 'ಅಜ್ಜ ತುರ್ಕರ ಸೆರೆಯಲ್ಲಿದ್ದನಂತೆ' ಎಂಬ ಮನೆಯ ಮಾತಿಗೆ ಪರಿಶೀಲನೆಯ ನೆಲೆ ದೊರೆಯುತ್ತದೆ.

ಮಡಿದವರ ಶೋಧ ಒಂದು ಬಗೆಯದು, ಮರಳಿದವರದು ಮತ್ತೊಂದು. ಮಡಿದವರಿಗಾಗಿ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಗಳಿವೆ. ಇವು 1914ರ ಆಗಸ್ಟಿನಿಂದ 1921ರ ಆಗಸ್ಟ್‌ವರೆಗೆ ಮತ್ತು 1939ರ ಸೆಪ್ಟೆಂಬರಿನಿಂದ 1947ರ ಡಿಸೆಂಬರ್‌ವರೆಗೆ ಸತ್ತವರನ್ನು ಒಳಗೊಳ್ಳುತ್ತವೆ. ಅನೇಕ ನಮೂದುಗಳಲ್ಲಿ ತಂದೆಯ ಹೆಸರೂ ಊರೂ ಇವೆ. ವೀರಗಲ್ಲು ಹೇಳುತ್ತಿದ್ದುದನ್ನು ಈ ಪಟ್ಟಿಗಳು ತಡವಾಗಿಯಾದರೂ ಹೇಳುತ್ತವೆ. ಮರಳಿ ಬಂದವರ ಹೆಸರು ಅಲ್ಲಿರುವುದಿಲ್ಲ. ಸ್ವತಂತ್ರ ಭಾರತದ ಸೈನ್ಯದಲ್ಲಿ ಸಿಪಾಯಿಯ ಸೇವಾಪತ್ರವನ್ನು ಷೀಟ್ ರೋಲ್ ಎನ್ನುತ್ತಾರೆ. ಅದು ಆಯಾ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿರುತ್ತದೆ. ನಿಗದಿತ ಅವಧಿ ಕಳೆದ ಬಳಿಕ ಇಂಥ ಪತ್ರಗಳನ್ನು ನಾಶಪಡಿಸುವ ಪದ್ಧತಿಯಿದೆ. ಆಗ ಉಳಿಯುವುದು ಸಂಕ್ಷಿಪ್ತ ವಿವರಗಳ ಲಾಂಗ್ ರೋಲ್ ಮಾತ್ರ. ಆದುದರಿಂದ ವಿಳಂಬವೇ ಇಲ್ಲಿ ದೊಡ್ಡ ನಷ್ಟ.

ಸಂಸ್ಥಾನದ ಸೇನೆಯಲ್ಲಿದ್ದವರ ವಿಚಾರ ಬೇರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕಾರ್ಯಾಚರಣೆಯಲ್ಲಿ ಜೋಧಪುರದ ಅಶ್ವದಳದೊಡನೆ ಪಾಲ್ಗೊಂಡ ಮೈಸೂರು ಲ್ಯಾನ್ಸರ್ಸ್, ಬ್ರಿಟಿಷ್ ಭಾರತದ ಸೈನ್ಯದ ಅಂಗವಾಗಿರಲಿಲ್ಲ. ಮೈಸೂರು ಅರಸರ ದಳವಾಗಿತ್ತು. ಅದಕ್ಕೆ ಸಂಬಂಧಿಸಿದ ಕಾಗದಗಳಿಗಾಗಿ ಮೊದಲು ನೋಡತಕ್ಕದ್ದು ಮೈಸೂರು ಸರ್ಕಾರದ ಕಡತಗಳನ್ನು. ಅವು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರುಗಳ ಅಶ್ವದಳಗಳನ್ನು ಪ್ರತಿನಿಧಿಸುತ್ತವೆ.

ಈ ಆಕರಗಳಲ್ಲಿ ಹಲವು ಹೊರನಾಡ ಕನ್ನಡಿಗರ ನೆರೆಯಲ್ಲಿಯೇ ಇವೆ ಎಂಬುದು ಗಮನಾರ್ಹ. ಹಳೆಯ ಮುಂಬಯಿ ಪ್ರಾಂತದ ಕಡತಗಳು ಮುಂಬಯಿಯ ಪತ್ರಾಗಾರದಲ್ಲಿವೆ. ಬಾಂಬೆ ಸ್ಯಾಪರ್ಸ್ ಕೇಂದ್ರ ಪುಣೆಯ ಖಡಕಿಯಲ್ಲಿದೆ. ಹದಿಮೂರು ಸಾವಿರಕ್ಕೂ ಹೆಚ್ಚು ಹೆಸರುಗಳನ್ನು ಹೊತ್ತ ಇಂಡಿಯಾ ಗೇಟ್ ಮತ್ತು ರಾಷ್ಟ್ರೀಯ ಪತ್ರಾಗಾರ ದೆಹಲಿಯಲ್ಲಿವೆ. ಆದರೆ ಅಲ್ಲಿಯ ಬರಹವನ್ನು ಬಿಡಿಸುವ ಕೀಲಿಕೈ ಊರಿನ ಮನೆಯಲ್ಲಿದೆ: ತಂದೆಯ ಹೆಸರು, ಮನೆದೇವರು, ಮುದುಕಿಯೊಬ್ಬಳು ಇಂದಿಗೂ ಹೇಳುವ ದೂರದ ಪಟ್ಟಣದ ಅಪಭ್ರಂಶ ನಾಮ. ಕಾಗದ ಇಲ್ಲದ ನೆನಪು ಐತಿಹ್ಯವಾಗುತ್ತದೆ, ನೆನಪು ಇಲ್ಲದ ಕಾಗದ ಬರಿಯ ಸಂಖ್ಯೆಯಾಗುತ್ತದೆ. ಶಾಸನವನ್ನು ಓದಲು ಕಲಿತ ಕನ್ನಡ ವಿದ್ಯಾರ್ಥಿ ಇವೆರಡನ್ನೂ ಎದುರುಬದುರಾಗಿ ಇರಿಸಿ ಓದಿದಾಗ, ಕಲ್ಲು ಸಿಗದೆ ಹೋದ ಯೋಧನಿಗೂ ಅವನ ಹೆಸರು ಮರಳಿ ದೊರೆಯುತ್ತದೆ.