ಹಾಲು ಕರೆಯುವ ಮಿಷನ್: ಕೊಳ್ಳುವ ಮುನ್ನ ಕೆಚ್ಚಲು ನೋಡಿ



ದಾವಣಗೆರೆ, ಹರಿಹರ ಕಡೆಯ ಸಂಘಗಳಲ್ಲಿ ಹಾಲು ಕರೆಯುವ ಮಿಷನ್‌ಗೆ ಸಾಲ ಕೇಳುವವರಿದ್ದಾರೆ. ಕೈನೋವು ತಪ್ಪುತ್ತದೆ, ಸಮಯ ಉಳಿಯುತ್ತದೆ, ನಿಜ. ಆದರೆ ಹರಿಹರದ ಹತ್ತಿರ ನಾವು ಮನೆಭೇಟಿಗೆ ಹೋದಾಗ ಕಂಡದ್ದು ಬೇರೆ. ಒಬ್ಬ ಸದಸ್ಯೆ ಹಳೇ ಮಿಷನ್ ಕೊಂಡು, ಬೇಗ ಆಗಲಿ ಅಂತ ಎಳೆತ ಜಾಸ್ತಿ ಇಟ್ಟಿದ್ದರು. ಆಕಳಿಗೆ ಕೆಚ್ಚಲು ಬಾವು ಬಂದು ಒಂದು ಮೊಲೆ ಬತ್ತಿಹೋಗಿತ್ತು. ಹಾಲು ಕಡಿಮೆಯಾಯಿತು, ಸಾಲದ ಕಂತು ಕಡಿಮೆಯಾಗಲಿಲ್ಲ.

ಮಿಷನ್ ಹೇಗೆ ಕೆಲಸ ಮಾಡುತ್ತದೆ?

ಪಂಪು ಗಾಳಿ ಹೊರತೆಗೆದಾಗ ಎಳೆತ ಉಂಟಾಗಿ ಹಾಲು ಇಳಿಯುತ್ತದೆ. 1889ರಲ್ಲಿ ಸ್ಕಾಟ್ಲೆಂಡಿನಲ್ಲಿ ಬಂದ ಯಂತ್ರ ಬಿಡುವಿಲ್ಲದೆ ಎಳೆಯುತ್ತಿತ್ತು. ಹಾಗೆ ಎಳೆದರೆ ಮೊಲೆತೊಟ್ಟಿನ ತುದಿಯಲ್ಲಿ ರಕ್ತ ನಿಂತು ಊದಿಕೊಳ್ಳುತ್ತದೆ. 1895ರಲ್ಲಿ ಅಲ್ಲಿಯೇ ಅಲೆಕ್ಸಾಂಡರ್ ಶೀಲ್ಡ್ಸ್ ಎಂಬುವರು ಎಳೆತದ ನಡುವೆ ಬಿಡುವು ಕೊಡುವ ಪಲ್ಸೇಟರ್ ತಂದರು. ಇಂದಿನ ಮಿಷನ್‌ನಲ್ಲಿ ಇದು ಕಪ್‌ನೊಳಗಿನ ರಬ್ಬರ್ ಲೈನರನ್ನು ನಿಮಿಷಕ್ಕೆ ಸುಮಾರು 60 ಸಲ ತೆರೆದು ಮುಚ್ಚುತ್ತದೆ. ತೆರೆದಾಗ ಹಾಲು, ಮುಚ್ಚಿದಾಗ ತೊಟ್ಟಿಗೆ ವಿಶ್ರಾಂತಿ. ಕರು ಕೂಡ ಚೀಪುತ್ತದೆ, ನುಂಗಲು ಬಿಡುತ್ತದೆ, ಅಲ್ಲವೇ?

ಗಮನದಲ್ಲಿಡಿ

1. ಎಳೆತ: ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್ (ಪಾದರಸದ ಲೆಕ್ಕದಲ್ಲಿ 300ರಿಂದ 375 ಮಿಲಿಮೀಟರ್). ಜಾಸ್ತಿಯಾದರೆ ತೊಟ್ಟಿನ ತುದಿ ಗಡುಸಾಗಿ, ಬಾಯಿ ಸರಿಯಾಗಿ ಮುಚ್ಚದೆ ರೋಗಾಣು ಒಳಹೋಗುತ್ತವೆ. ಕಡಿಮೆಯಾದರೆ ಕಪ್ ಜಾರುತ್ತದೆ. ಮೀಟರು ಕೆಟ್ಟಿದ್ದರೆ ಮಿಷನ್ ಹಚ್ಚಬೇಡಿ.

2. ಲೈನರ್: ತೊಟ್ಟಿನ ಗಾತ್ರಕ್ಕೆ ಹೊಂದಬೇಕು. ರಬ್ಬರ್ ಲೈನರ್ ಸುಮಾರು 2500 ಸಲ ಕರೆಯುವವರೆಗೆ ಮಾತ್ರ. 5 ಆಕಳಿದ್ದರೆ ದಿನಕ್ಕೆ 10 ಸಲ, ಅಂದರೆ 250 ದಿನ. ಬಿರುಕು ಬಿಟ್ಟರೆ ಅಂದೇ ಬದಲಿಸಿ.

3. ಕರೆಯುವಾಗ: ಕೆಚ್ಚಲು ತೊಳೆದು ಒರೆಸಿ, ಮೊದಲ ಧಾರೆಗಳನ್ನು ಬಟ್ಟಲಿಗೆ ಹಿಂಡಿ ನೋಡಿ. ಗರಣೆ, ರಕ್ತ ಕಂಡರೆ ಪಶುವೈದ್ಯರನ್ನು ಕರೆಸಿ. ಸರಿ ಇದ್ದರೆ ಸುಮಾರು ಒಂದು ನಿಮಿಷದಲ್ಲಿ ಕಪ್ ಹಚ್ಚಿ. ಹಾಲು ನಿಂತ ಮೇಲೆ ಹಾಗೇ ಬಿಡಬೇಡಿ. ಮೊದಲು ಎಳೆತ ನಿಲ್ಲಿಸಿ, ಆಮೇಲೆ ಕಪ್ ತೆಗೆಯಿರಿ.

4. ಕರೆದ ಮೇಲೆ: ತೊಟ್ಟನ್ನು ಅದಕ್ಕೆಂದೇ ಸಿಗುವ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಮೇವು ಹಾಕಿ ಅರ್ಧ ಗಂಟೆ ಆಕಳನ್ನು ಮಲಗಲು ಬಿಡಬೇಡಿ. ತೊಟ್ಟಿನ ಬಾಯಿ ಮುಚ್ಚಲು ಸಮಯ ಬೇಕು. ಮಿಷನ್ ಪ್ರತಿ ಸಲವೂ ತೊಳೆಯಿರಿ.

ಮಿಷನ್ ತಾನಾಗಿ ಹಾಲು ಹೆಚ್ಚಿಸುವುದಿಲ್ಲ. ನೋವಾದ ಆಕಳು ಹಾಲು ಬಿಗಿಹಿಡಿಯುತ್ತದೆ. ಬಾವು ಬಂದರೆ ಹಾಲಿನ ಸತ್ವವೂ ಇಳಿಯುತ್ತದೆ. ಡೈರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ ನೋಡಿಯೇ ದರ ಕೊಡುವುದು.

ಸಭೆಯಲ್ಲಿ ಚರ್ಚಿಸಿ

- ಲೈನರ್, ಬಿಡಿಭಾಗ ನಮ್ಮೂರ ಹತ್ತಿರ ಸಿಗುತ್ತವೆಯೇ? ಅದರ ಖರ್ಚನ್ನು ಸಾಲದ ಲೆಕ್ಕದಲ್ಲಿ ಸೇರಿಸಿದ್ದೇವೆಯೇ?
- ರಿಪೇರಿಗೆ ಯಾರು ಬರುತ್ತಾರೆ?
- ಕರೆಂಟ್ ಹೋದ ದಿನ ಕೈಯಲ್ಲಿ ಕರೆಯುವವರು ಯಾರು?

ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಸಾಲದ ಅರ್ಜಿಗೆ ಸಹಿ ಹಾಕೋಣ.