ಮನುಕಾ ಜೇನು: ಬೆಲೆ ನೋಡುವ ಮುಂಚೆ ಲೇಬಲ್ ಓದಿ

ದೊಡ್ಡ ಸೂಪರ್ ಮಾರ್ಕೆಟ್‌ಗಳ ಕಪಾಟಿನಲ್ಲಿ ಈಗ ಕೊಡಗಿನ ಜೇನಿನ ಪಕ್ಕದಲ್ಲೇ ಅಗಲ ಬಾಯಿಯ ಡಬ್ಬಿಯಲ್ಲಿ ಕಂದು ಬಣ್ಣದ ಮನುಕಾ ಜೇನು ಕೂತಿರುತ್ತದೆ. ಅಳತೆ ಕಾಲು ಕೆ.ಜಿ., ಬೆಲೆ ಮಾತ್ರ ಸಾವಿರಗಳಲ್ಲಿ. ಒಂದು ಡಬ್ಬಿಯ ಮೇಲೆ ‘ಎಂಜಿಒ 100+’ ಎಂದಿದ್ದರೆ ಇನ್ನೊಂದರ ಮೇಲೆ ‘ಯುಎಂಎಫ್ 15+’, ಮತ್ತೊಂದರ ಮೇಲೆ ಬರೀ ‘ಆ್ಯಕ್ಟಿವ್’. ಅಂಗಡಿಯ ಹುಡುಗನನ್ನು ಕೇಳಿದರೆ ‘ನಂಬರ್ ಜಾಸ್ತಿ ಇದ್ದಷ್ಟೂ ಒಳ್ಳೇದು ಸರ್’ ಎನ್ನುತ್ತಾನೆ. ಆ ಮಾತು ಅರ್ಧ ನಿಜ. ಉಳಿದರ್ಧ ತಿಳಿಯದೆ ಹೋದರೆ ಜೇಬಿಗೆ ಕತ್ತರಿ ಗ್ಯಾರಂಟಿ.

ಮನುಕಾ ಎಂಬುದು ನ್ಯೂಜಿಲೆಂಡಿನ ಗುಡ್ಡಗಾಡಿನ ಪೊದೆಗಿಡ. ನಮ್ಮ ನೇರಳೆ, ಸೀಬೆ, ನೀಲಗಿರಿಗಳ ಕುಟುಂಬಕ್ಕೇ ಸೇರಿದ್ದು. ಆಗ್ನೇಯ ಆಸ್ಟ್ರೇಲಿಯಾದಲ್ಲೂ ಬೆಳೆಯುತ್ತದೆ. ಒಂದು ಕಾಲಕ್ಕೆ ನ್ಯೂಜಿಲೆಂಡಿನ ರೈತರು ಇದನ್ನು ಹುಲ್ಲುಗಾವಲಿಗೆ ಅಡ್ಡ ಬರುವ ಕಳೆಗಿಡವೆಂದು ಕಡಿದು ಹಾಕುತ್ತಿದ್ದರು. ಹೂ ನಿಲ್ಲುವುದು ವರ್ಷಕ್ಕೆ ಎರಡರಿಂದ ಆರು ವಾರ. ಆಗ ಮಳೆ, ಗಾಳಿ ಹಿಡಿದರೆ ಆ ವರ್ಷದ ಫಸಲು ಹೋದ ಹಾಗೆಯೇ. ದಾರಿಯಿಲ್ಲದ ಗುಡ್ಡಗಳಿಗೆ ಜೇನುಪೆಟ್ಟಿಗೆಗಳನ್ನು ಹೆಲಿಕಾಪ್ಟರಿನಲ್ಲಿ ಸಾಗಿಸುವುದೂ ಉಂಟು. ದುಬಾರಿಯಾಗಲು ಇವೂ ಕಾರಣ. ಆದರೆ ಮುಖ್ಯ ಕಾರಣ ಬೇರೆ ಇದೆ.

ಎಲ್ಲ ಜೇನಿಗೂ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಅಷ್ಟಿಷ್ಟು ಇದ್ದೇ ಇದೆ. ಜೇನುಹುಳು ಮಕರಂದಕ್ಕೆ ಸೇರಿಸುವ ಕಿಣ್ವವೊಂದು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಬಹುಮಟ್ಟಿಗೆ ಅದೇ ಆ ಕೆಲಸ ಮಾಡುವುದು. 1980ರ ದಶಕದಲ್ಲಿ ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿರುವ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಅವರು ಜೇನಿನಿಂದ ಈ ಪೆರಾಕ್ಸೈಡನ್ನು ತೆಗೆದು ಪರೀಕ್ಷಿಸಿದರು. ಬೇರೆ ಜೇನುಗಳ ಶಕ್ತಿ ಅಲ್ಲಿಗೆ ಮುಗಿಯಿತು, ಮನುಕಾದ್ದು ಉಳಿಯಿತು. ಉಳಿದದ್ದು ಏನೆಂದು ತಿಳಿಯಲು ಎರಡು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಜರ್ಮನಿಯ ಡ್ರೆಸ್ಡನ್ ತಾಂತ್ರಿಕ ವಿಶ್ವವಿದ್ಯಾಲಯದ ಥಾಮಸ್ ಹೆನ್ಲೆ ಅವರ ತಂಡ ಅದು ಮೀಥೈಲ್‌ಗ್ಲೈಆಕ್ಸಾಲ್ ಎಂದು 2008ರಲ್ಲಿ ಪ್ರಕಟಿಸಿತು. ಡಬ್ಬಿಯ ಮೇಲಿನ ಎಂಜಿಒ ಎಂದರೆ ಇದೇ.

ಯಾತಕ್ಕೆ ಬೇಕು, ಮೊದಲು ತೀರ್ಮಾನಿಸಿ

ಬ್ರೆಡ್ಡಿಗೆ ಸವರಲೋ, ಬೆಳಿಗ್ಗೆ ಉಗುರುಬೆಚ್ಚನೆ ನೀರಿಗೆ ಬೆರೆಸಲೋ ಬೇಕಿದ್ದರೆ ಮನುಕಾ ಬೇಕೇ ಬೇಕೆಂದಿಲ್ಲ. ರುಚಿ ಹಿಡಿಸಿದವರು ಕಡಿಮೆ ಸಂಖ್ಯೆಯದನ್ನು ಕೊಂಡರೆ ಸಾಕು. ಕೆಮ್ಮಿಗೆ ಜೇನು ಆರಾಮ ಕೊಡುತ್ತದೆ, ಸರಿ. ಆದರೆ ಅದು ಒಳ್ಳೆಯ ಯಾವ ಜೇನಿನಿಂದಲೂ ಆಗುವ ಕೆಲಸ. ನಮ್ಮ ತುಡುವೆ ಜೇನಿಗೂ ಅದು ಗೊತ್ತು.

ಗಾಯಕ್ಕೆ ಹಚ್ಚಲು ಎಂದು ಕೊಳ್ಳುವವರಿದ್ದಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಆಸ್ಪತ್ರೆಗಳಲ್ಲಿ ಬಳಸುವ ಮನುಕಾ, ಗಾಮಾ ವಿಕಿರಣ ಹಾಯಿಸಿ ಕ್ರಿಮಿರಹಿತ ಮಾಡಿದ್ದು. ಟ್ಯೂಬಿನಲ್ಲೋ ಪಟ್ಟಿಯ ರೂಪದಲ್ಲೋ ಬರುತ್ತದೆ. ಅಂಥ ಪಟ್ಟಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಅನುಮತಿ ಕೊಟ್ಟಿತು. ಕೆಲವು ಬಗೆಯ ಸುಟ್ಟಗಾಯ, ಶಸ್ತ್ರಚಿಕಿತ್ಸೆಯ ನಂತರ ಕೀವಾದ ಗಾಯಗಳಿಗೆ ಜೇನಿನ ಪಟ್ಟಿಯಿಂದ ಅನುಕೂಲವಾಗುತ್ತದೆಂದು 2015ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಉಳಿದ ಹಲವು ಗಾಯಗಳಿಗೆ ಪುರಾವೆ ಸಾಲದು ಎಂದೂ ಅದೇ ಪರಿಶೀಲನೆ ಹೇಳಿದೆ. ಅಡುಗೆಮನೆಯ ಡಬ್ಬಿಗೆ ಚಮಚ ಅದ್ದಿ ಗಾಯಕ್ಕೆ ಸವರುವುದು ಇದ್ಯಾವುದರ ಲೆಕ್ಕಕ್ಕೂ ಬರುವುದಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗಂತೂ ವೈದ್ಯರನ್ನು ಕೇಳದೆ ಏನನ್ನೂ ಹಚ್ಚಬೇಡಿ.

ಸಕ್ಕರೆ ಕಾಯಿಲೆಯ ಮಾತು ಬಂತಲ್ಲ, ಮನುಕಾದಲ್ಲೂ ಸುಮಾರು ನೂರಕ್ಕೆ 80 ಭಾಗ ಸಕ್ಕರೆಯೇ ಇರುವುದು. ನಾಲ್ಕು ಸಾವಿರ ಕೊಟ್ಟ ಮಾತ್ರಕ್ಕೆ ಅದು ಕಡಿಮೆಯಾಗುವುದಿಲ್ಲ.

ಮುಂಭಾಗದ ಸಂಖ್ಯೆ

ಎರಡು ಅಳತೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ: ಎಂಜಿಒ ಮತ್ತು ಯುಎಂಎಫ್.

ಎಂಜಿಒ ನೇರ ಅಳತೆ. ಎಂಜಿಒ 263 ಎಂದರೆ ಒಂದು ಕೆ.ಜಿ. ಜೇನಿನಲ್ಲಿ ಕನಿಷ್ಠ 263 ಮಿಲಿಗ್ರಾಂ ಮೀಥೈಲ್‌ಗ್ಲೈಆಕ್ಸಾಲ್. ಯುಎಂಎಫ್ ಎಂಬುದು ನ್ಯೂಜಿಲೆಂಡಿನ ಯುಎಂಎಫ್ ಜೇನು ಸಂಘ ಕೊಡುವ ದರ್ಜೆ. ಪ್ರಯೋಗಾಲಯದಲ್ಲಿ ಫೀನಾಲ್ ದ್ರಾವಣದೊಂದಿಗೆ ಹೋಲಿಸಿ ಮೊದಲು ಮಾಡಿದ ಅಳತೆ ಇದು. ಯುಎಂಎಫ್ 10 ಎಂದರೆ ಶೇ 10ರ ಫೀನಾಲ್ ದ್ರಾವಣದಷ್ಟು ಬ್ಯಾಕ್ಟೀರಿಯಾ ತಡೆಯುವ ಶಕ್ತಿ ಎಂದು ಲೆಕ್ಕ. ಹಾಗಾಗಿ ಇದರ ಅಂಕಿಗಳು ಚಿಕ್ಕವು, ಎಂಜಿಒ ಅಂಕಿಗಳು ದೊಡ್ಡವು. ‘ಎಂಜಿಒ 100’ ನೋಡಿ ‘ಯುಎಂಎಫ್ 10’ಕ್ಕಿಂತ ಹತ್ತು ಪಟ್ಟು ಗಟ್ಟಿ ಎಂದುಕೊಂಡರೆ ಮೋಸ ಹೋದ ಹಾಗೆ. ಈ ಲೆಕ್ಕವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಯುಎಂಎಫ್ 5+ ಎಂದರೆ ಎಂಜಿಒ 83, 10+ ಎಂದರೆ 263, 15+ ಎಂದರೆ 514, 20+ ಎಂದರೆ 829. ಅಂದರೆ ಅಂಗಡಿಯಲ್ಲಿ ಹೆಚ್ಚಾಗಿ ಕಾಣುವ ‘ಎಂಜಿಒ 100+’ ಯುಎಂಎಫ್ 5ಕ್ಕಿಂತ ತುಸು ಮೇಲು, ಅಷ್ಟೇ. ಅದು ಕಳಪೆಯೆಂದಲ್ಲ. ಆದರೆ 100 ಎಂಬ ಅಂಕಿಗೆಂದೇ ಹೆಚ್ಚು ಬೆಲೆ ಹಾಕಿದ್ದರೆ ಕೊಡಬೇಡಿ.

ಇವೆರಡರಲ್ಲಿ ಯಾವುದು ಮೇಲು? ಯುಎಂಎಫ್ ಎಂಬುದೇ ನನ್ನ ಮತ. ಅದಕ್ಕೆ ಕಾರಣವಿದೆ. ಎಂಜಿಒ ಒಂದು ರಾಸಾಯನಿಕ, ಕಾರ್ಖಾನೆಯಲ್ಲೂ ತಯಾರಾಗುತ್ತದೆ. ಹೀಗೆ ಕೃತಕವಾಗಿ ತಯಾರಿಸಿದ ರಾಸಾಯನಿಕಗಳನ್ನು ಜೇನಿಗೆ ಬೆರೆಸಿದ ಆಕ್ಲೆಂಡಿನ ಒಂದು ಕಂಪನಿಗೆ 2019ರಲ್ಲಿ ಅಲ್ಲಿನ ನ್ಯಾಯಾಲಯ ಲಕ್ಷಾಂತರ ಡಾಲರ್ ದಂಡ ಹಾಕಿದೆ. ಯುಎಂಎಫ್ ದರ್ಜೆಗೆ ಎಂಜಿಒ ಜತೆ ಇನ್ನೂ ಮೂರನ್ನು ನೋಡುತ್ತಾರೆ. ಒಂದು ಲೆಪ್ಟೋಸ್ಪೆರಿನ್, ಮನುಕಾ ಮಕರಂದದ ಗುರುತು. ಇದನ್ನು ಹೊರಗಿನಿಂದ ತಂದು ಬೆರೆಸುವುದು ಸುಲಭವಲ್ಲ. ಇನ್ನೊಂದು ಡಿಎಚ್‌ಎ. ಹೂವಿನ ಮಕರಂದದಲ್ಲಿರುವ ಈ ಡಿಎಚ್‌ಎಯೇ ಡಬ್ಬಿಯಲ್ಲಿ ಕೂತು ಕೂತು ನಿಧಾನವಾಗಿ ಎಂಜಿಒ ಆಗಿ ಬದಲಾಗುವುದು. ಗೂಡಿನಿಂದ ತೆಗೆದ ಹೊಸ ಜೇನಿನಲ್ಲಿ ಎಂಜಿಒ ಕಡಿಮೆಯಿದ್ದು, ತಿಂಗಳುಗಳು ಕಳೆದಂತೆ ಏರುವುದು ಇದರಿಂದಲೇ. ಮೂರನೆಯದು ಎಚ್‌ಎಂಎಫ್: ಜೇನನ್ನು ಅತಿಯಾಗಿ ಕಾಯಿಸಿದ್ದರೆ ಅಥವಾ ಅದು ಬಹಳ ಹಳತಾಗಿದ್ದರೆ ಇದರ ಪ್ರಮಾಣ ಏರಿ ಗುಟ್ಟು ಬಿಟ್ಟುಕೊಡುತ್ತದೆ.

ಹೆಸರಿನ ಆಟ

‘ಆ್ಯಕ್ಟಿವ್ 15+’, ‘ಟೋಟಲ್ ಆ್ಯಕ್ಟಿವಿಟಿ 20+’, ‘ಬಯೋ ಆ್ಯಕ್ಟಿವ್’ ಇವೆಲ್ಲ ನೋಡಲು ಯುಎಂಎಫ್ ಥರವೇ ಇರುತ್ತವೆ. ಟೋಟಲ್ ಎಂದಾಗ ಎಲ್ಲ ಜೇನಿನಲ್ಲೂ ಇರುವ ಪೆರಾಕ್ಸೈಡ್ ಶಕ್ತಿಯೂ ಲೆಕ್ಕಕ್ಕೆ ಸೇರಿರುತ್ತದೆ. ಹಾಗಿದ್ದರೆ ಮನುಕಾಕ್ಕೇ ಅಷ್ಟು ದುಡ್ಡು ಯಾಕೆ ಕೊಡಬೇಕು? ‘ಕೆ ಫ್ಯಾಕ್ಟರ್’ ಎಂಬುದು ಪರಾಗದ ಪ್ರಮಾಣ ಮುಂತಾದವನ್ನು ಆಧರಿಸಿದ ಒಂದು ಕಂಪನಿಯ ಸ್ವಂತ ಮಾನದಂಡ, ಅದು ಎಂಜಿಒ ಅಳತೆಯಲ್ಲ. ಪರಾಗ ನೋಡಿ ಹೇಳುವುದರಲ್ಲಿ ಇನ್ನೊಂದು ತೊಡಕಿದೆ. ಮನುಕಾದ ಪಕ್ಕದಲ್ಲೇ ಬೆಳೆಯುವ ಅದರ ಸೋದರಸಂಬಂಧಿ ಕಾನುಕಾದ ಪರಾಗವನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೂ ಬೇರೆ ಎಂದು ಗುರುತಿಸುವುದು ಕಷ್ಟ.

ಆಸ್ಟ್ರೇಲಿಯಾದ ಮನುಕಾ ನಕಲಿ ಎಂದು ಹೇಳುವವರೂ ಇದ್ದಾರೆ. ಅದು ಎರಡು ದೇಶಗಳ ಜಗಳ. ಮನುಕಾ ಹೆಸರು ತಮಗಷ್ಟೇ ಸೇರಬೇಕೆಂದು ನ್ಯೂಜಿಲೆಂಡಿನವರು ಹಾಕಿದ್ದ ಟ್ರೇಡ್‌ಮಾರ್ಕ್ ಅರ್ಜಿಯನ್ನು ಬ್ರಿಟನ್ನಿನ ಕಚೇರಿ 2021ರಲ್ಲಿ ತಳ್ಳಿಹಾಕಿತು, 2023ರಲ್ಲಿ ನ್ಯೂಜಿಲೆಂಡಿನದೇ ಕಚೇರಿಯೂ ಒಪ್ಪಲಿಲ್ಲ. ಆಸ್ಟ್ರೇಲಿಯಾದಲ್ಲಿ ಈ ಕುಲದ ಗಿಡಗಳ ಪ್ರಭೇದಗಳು 80ಕ್ಕೂ ಹೆಚ್ಚು. ಅವುಗಳಲ್ಲಿ ಕೆಲವುಗಳ ಜೇನಿನಲ್ಲಿ ಎಂಜಿಒ ಚೆನ್ನಾಗಿಯೇ ಇದೆ. ಯುಎಂಎಫ್ ಮುದ್ರೆ ಅವಕ್ಕೆ ಸಿಗುವುದಿಲ್ಲ, ಎಂಜಿಒ ಅಂಕಿ ನೋಡಿ ಕೊಳ್ಳಬೇಕು.

ಡಬ್ಬಿ ತಿರುಗಿಸಿ

ಮುಂಭಾಗ ಕಂಪನಿಯದು, ಹಿಂಭಾಗ ನಿಮ್ಮದು. ಅಲ್ಲಿ ಹುಡುಕಬೇಕಾದ ಮೊದಲ ಪದ ‘ಮಾನೋಫ್ಲೋರಲ್’. ನ್ಯೂಜಿಲೆಂಡ್ ಸರ್ಕಾರದ ಪ್ರಾಥಮಿಕ ಕೈಗಾರಿಕೆಗಳ ಸಚಿವಾಲಯ 2018ರ ಫೆಬ್ರುವರಿಯಿಂದ ಒಂದು ನಿಯಮ ತಂದಿದೆ. ಮನುಕಾ ಹೆಸರಿನಲ್ಲಿ ರಫ್ತಾಗುವ ಜೇನು ಐದು ಪರೀಕ್ಷೆ ದಾಟಬೇಕು: ನಾಲ್ಕು ರಾಸಾಯನಿಕ ಗುರುತು, ಒಂದು ಡಿಎನ್‌ಎ ಗುರುತು. ಬಹುಮಟ್ಟಿಗೆ ಮನುಕಾ ಹೂವಿನದೇ ಆದರೆ ಮಾನೋಫ್ಲೋರಲ್, ಬೇರೆ ಹೂಗಳದ್ದೂ ಬೆರೆತಿದ್ದರೆ ಮಲ್ಟಿಫ್ಲೋರಲ್. ಇವೆರಡರ ಅಂತರ ಸಣ್ಣದಲ್ಲ. ನಾಲ್ಕು ರಾಸಾಯನಿಕಗಳಲ್ಲಿ ಒಂದಾದ 3-ಫೀನೈಲ್‌ಲ್ಯಾಕ್ಟಿಕ್ ಆಮ್ಲ ಮಾನೋಫ್ಲೋರಲ್‌ನಲ್ಲಿ ಕೆ.ಜಿ.ಗೆ ಕನಿಷ್ಠ 400 ಮಿಲಿಗ್ರಾಂ ಇರಬೇಕು, ಮಲ್ಟಿಫ್ಲೋರಲ್‌ಗೆ 20 ಇದ್ದರೂ ಸಾಕು. ಒಂದು ವಿಷಯ ನೆನಪಿಡಿ, ಈ ಐದರಲ್ಲಿ ಎಂಜಿಒ ಸೇರಿಲ್ಲ. ಸರ್ಕಾರದ ಪರೀಕ್ಷೆ ‘ಇದು ಮನುಕಾ ಹೌದೋ ಅಲ್ಲವೋ’ ಎಂದಷ್ಟೇ ಹೇಳುತ್ತದೆ. ಎಷ್ಟು ಗಟ್ಟಿ ಎಂಬುದಕ್ಕೆ ಮುಂಭಾಗದ ಅಂಕಿಯೇ ಬೇಕು. ಎರಡೂ ಇದ್ದರೆ ಮಾತ್ರ ದುಡ್ಡು ತೆಗೆಯಿರಿ.

ಆಮೇಲೆ ‘ಪ್ಯಾಕ್ಡ್ ಇನ್ ನ್ಯೂಜಿಲೆಂಡ್’ ಇದೆಯೇ ನೋಡಿ. ‘ಪ್ರಾಡಕ್ಟ್ ಆಫ್ ನ್ಯೂಜಿಲೆಂಡ್’ ಎಂದಿದ್ದು, ಡಬ್ಬಿಗೆ ತುಂಬಿದ್ದು ಬೇರೆಲ್ಲೋ ಆಗಿದ್ದರೆ ನಾನು ಮುಟ್ಟುವುದಿಲ್ಲ. ಬ್ಯಾಚ್ ಸಂಖ್ಯೆ, ಬಳಕೆಯ ಕೊನೆ ದಿನಾಂಕ ಇರಬೇಕು. ಯುಎಂಎಫ್ ಮುದ್ರೆಯ ಡಬ್ಬಿಯಲ್ಲಿ ಕಂಪನಿಯ ಲೈಸೆನ್ಸ್ ಸಂಖ್ಯೆ ಇರುತ್ತದೆ. ಯುಎಂಎಫ್ ಸಂಘದ ಜಾಲತಾಣದಲ್ಲಿ ಪರವಾನಗಿ ಪಡೆದ ಕಂಪನಿಗಳ ಪಟ್ಟಿ ಸಿಗುತ್ತದೆ, ಅಂಗಡಿಯಲ್ಲಿ ನಿಂತೇ ತಾಳೆ ನೋಡಬಹುದು. ಭಾರತದಲ್ಲಿ ಮಾರುವ ಡಬ್ಬಿಯ ಮೇಲೆ ಆಮದುದಾರನ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಲೈಸೆನ್ಸ್ ಸಂಖ್ಯೆಯ ಚೀಟಿ ಇರಲೇಬೇಕು. ಆನ್‌ಲೈನಿನಲ್ಲಿ ಕೊಳ್ಳುವವರು ಹಿಂಭಾಗದ ಫೋಟೊ ಹಾಕದ ಮಾರಾಟಗಾರನನ್ನು ಬಿಟ್ಟು ಮುಂದೆ ಹೋಗಿ.

ಆಕ್ಲೆಂಡಿನಲ್ಲೋ ವೆಲಿಂಗ್ಟನ್ನಿನಲ್ಲೋ ಇರುವ ಮಗ, ಸೊಸೆ ಬರುವಾಗ ತರಲಿ ಎಂಬ ಯೋಚನೆ ಒಳ್ಳೆಯದೇ. ಆದರೆ ಸಚಿವಾಲಯದ ಆ ಐದು ಪರೀಕ್ಷೆಗಳ ನಿಯಮ ರಫ್ತಿಗೆ ಮಾಡಿದ್ದು. ಅಲ್ಲಿನ ಅಂಗಡಿಯ ಕಪಾಟಿನಲ್ಲಿರುವ ಪ್ರತಿ ಡಬ್ಬಿಯೂ ಅದನ್ನು ದಾಟಿರಲೇಬೇಕೆಂದಿಲ್ಲ. ‘ಯುಎಂಎಫ್ ಮುದ್ರೆ ಇರೋದೇ ತಗೊಂಡು ಬಾ’ ಎಂದು ಮೊದಲೇ ಹೇಳಿಬಿಡಿ. ವಿಮಾನದಲ್ಲಿ ಜೇನು ದ್ರವದ ಲೆಕ್ಕಕ್ಕೆ ಬರುವುದರಿಂದ ಕೈಚೀಲದಲ್ಲಿ ಇಟ್ಟರೆ ಭದ್ರತಾ ತಪಾಸಣೆಯಲ್ಲೇ ಹೋಗುತ್ತದೆ, ದೊಡ್ಡ ಸೂಟ್‌ಕೇಸಿನಲ್ಲಿ ಇಡಬೇಕು. ಹಿಂದಿರುಗುವಾಗ ಪ್ರೀತಿಯಿಂದ ಕೊಡಗಿನ ಜೇನು ಕಟ್ಟಿಕೊಡಲು ಹೋಗಬೇಡಿ. ಜೇನುಹುಳುಗಳ ರೋಗ ಬಂದೀತೆಂಬ ಭಯದಿಂದ ಭಾರತದಿಂದ ಬರುವವರ ಜೇನನ್ನು ನ್ಯೂಜಿಲೆಂಡ್ ಒಳಗೆ ಬಿಡುವುದಿಲ್ಲ.

ಮುಚ್ಚಳ ತೆಗೆದ ಮೇಲೆ

ಒಳ್ಳೆಯ ಮನುಕಾ ನೂಲಿನಂತೆ ಸುರಿಯುವುದಿಲ್ಲ. ಡಬ್ಬಿ ಓರೆ ಮಾಡಿದರೂ ಜೆಲ್ಲಿಯ ಹಾಗೆ ಕೂತೇ ಇರುತ್ತದೆ. ಚಮಚ ಹಾಕಿ ಕಲಕಿದರೆ ಸಡಿಲಾಗಿ ಹರಿಯುತ್ತದೆ, ಬಿಟ್ಟರೆ ಮತ್ತೆ ಬಿಗಿಯುತ್ತದೆ. ಗೂಡಿನ ಹಲ್ಲೆಯಿಂದ ಇದನ್ನು ತೆಗೆಯುವುದೂ ಇದೇ ಕಾರಣಕ್ಕೆ ತ್ರಾಸದ ಕೆಲಸ. ಬಣ್ಣ ಗಾಢ. ಸಿಹಿಯ ಹಿಂದೆ ಸಣ್ಣ ಕಹಿ, ಮಣ್ಣಿನ ವಾಸನೆ, ಸ್ವಲ್ಪ ಔಷಧದ ಘಾಟು. ಕೆನೆಯಂತೆ ಕಡೆದು ತುಂಬಿದ್ದರೆ ಈ ಜೆಲ್ಲಿ ಗುಣ ಅಷ್ಟಾಗಿ ಕಾಣುವುದಿಲ್ಲ, ಅದಕ್ಕೆ ಗಾಬರಿ ಬೇಡ. ಇದು ಅನುಮಾನ ಹುಟ್ಟಿಸಲೋ ಕಳೆಯಲೋ ಸಾಕು, ಪುರಾವೆಗೆ ಸಾಲದು.

ನೀರಿನ ಲೋಟಕ್ಕೆ ಹನಿ ಬಿಡುವುದು, ಬತ್ತಿ ಅದ್ದಿ ಹಚ್ಚುವುದು, ಇರುವೆ ಮುತ್ತುವುದೇ ಎಂದು ನೋಡುವುದು, ನಾಯಿಗೆ ಮೂಸಿಸುವುದು ಇವನ್ನೆಲ್ಲ ಬಿಟ್ಟುಬಿಡಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರಲ್ಲಿ ನಮ್ಮ ದೇಶದ 13 ಬ್ರ್ಯಾಂಡ್ ಜೇನನ್ನು ಪರೀಕ್ಷೆಗೆ ಕಳಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ಪಾಸಾದವು ಮೂರೇ ಎಂದು ವರದಿ ಮಾಡಿತು. ಕಂಪನಿಗಳು ಅದನ್ನು ಅಲ್ಲಗಳೆದವು. ಸಕ್ಕರೆ ಪಾಕದ ಬೆರಕೆ ಹಿಡಿಯಲು ಜರ್ಮನಿಯ ಪ್ರಯೋಗಾಲಯದ ಎನ್‌ಎಂಆರ್ ಯಂತ್ರ ಬೇಕಾಯಿತು. ಮನೆಯ ಬತ್ತಿಯಿಂದ ಆಗುವ ಕೆಲಸವಲ್ಲ.

ಮನೆಗೆ ತಂದ ಮೇಲೆ ಬಿಸಿಲು ಬೀಳದ ಕಡೆ, ಒಲೆಯಿಂದ ದೂರ ಇಡಿ. ಫ್ರಿಜ್ ಬೇಡ. ಒಣ ಚಮಚ ಬಳಸಿ. ಕುದಿಯುವ ಚಹಾಕ್ಕೆ ಹಾಕಬೇಡಿ. ಹರಳುಗಟ್ಟಿದರೆ ಕೆಟ್ಟಿದೆ ಎಂದು ಎಸೆಯಬೇಡಿ.

ಇಷ್ಟೆಲ್ಲ ಓದಿ ‘ಕೊನೆಗೆ ಯಾವುದು ತರಲಿ’ ಎಂದರೆ ನನ್ನ ಉತ್ತರ ಇದು: ತಿನ್ನಲು ಯುಎಂಎಫ್ 5+ ಅಥವಾ ಹೆಚ್ಚೆಂದರೆ 10+, ಮಾನೋಫ್ಲೋರಲ್, ನ್ಯೂಜಿಲೆಂಡಿನಲ್ಲೇ ತುಂಬಿದ್ದು, ಸಣ್ಣ ಡಬ್ಬಿ. 20+ ಕೊಂಡು ಚಪಾತಿಗೆ ಸವರುವುದು ದುಡ್ಡಿನ ಮದ. ಅಷ್ಟೂ ಖರ್ಚು ಬೇಡವೆನಿಸಿದರೆ ನಂಬಿಕೆಯ ಜೇನು ಸಾಕಣೆಗಾರರಿಂದ ತುಡುವೆ ಜೇನು ತನ್ನಿ. ಮತ್ತೆ, ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ, ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವ ರೂಢಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಜೇನಿನಲ್ಲಿ ಬಾಟುಲಿಸಂ ರೋಗದ ಬೀಜಾಣು ಇರುವ ಸಂಭವವಿದ್ದು, ಹಸುಗೂಸಿನ ಕರುಳು ಅದನ್ನು ತಡೆಯಲಾರದು. ಒಂದು ವರ್ಷ ತುಂಬುವವರೆಗೆ ಮನುಕಾ ಆಗಲಿ, ಹೆಜ್ಜೇನಾಗಲಿ, ಯಾವುದನ್ನೂ ಮಗುವಿನ ಬಾಯಿಗೆ ಹಾಕಬೇಡಿ.