ಕರಿಯನಿಗೆ ಎಷ್ಟು ದೂರ ಬೇಕು?

ಮದ್ದೂರು ಅಂದ ಕೂಡಲೇ ವಡೆ ನೆನಪಾಯ್ತು ಅಲ್ವಾ? ಅದು ಮಂಡ್ಯ ಜಿಲ್ಲೆಯ ಮದ್ದೂರು. ನಾವು ಹೇಳ್ತಿರೋದು ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರ ಕಾಡಿನ ಅಂಚಿಗಿರುವ ಮದ್ದೂರು. ಕೆಲವು ಬಸ್ಸು, ಆಂಬುಲೆನ್ಸ್ ಬಿಟ್ಟರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ಕಾಡಿನ ರಸ್ತೆಯಲ್ಲಿ ಗಾಡಿ ಓಡಾಟ ಇಲ್ಲ, 2009ರಿಂದ ಹೀಗೇ. ನಮ್ಮ ಗುಂಪಿನ ಒಬ್ಬನ ಮನೆ ಅಲ್ಲಿದೆ. ಆ ಮನೆಯ ನಾಯಿ ಕರಿಯ. ಮನುಷ್ಯರ ಜೊತೆ ಬೆಣ್ಣೆ, ಮಕ್ಕಳು ಕಿವಿ ಎಳೆದರೂ ಸುಮ್ಮನಿರ್ತಾನೆ. ಇನ್ನೊಂದು ನಾಯಿ ಕಂಡರೆ ಮಾತ್ರ ಬೆನ್ನಿನ ಕೂದಲು ನಿಮಿರಿಸಿ, ಹಿಡಿದವರನ್ನೂ ಎಳೆದುಕೊಂಡು ನುಗ್ಗುತ್ತಾನೆ.

ಪಟ್ಟಣದಲ್ಲಾದರೆ ಇದು ಅಕ್ಕಪಕ್ಕದವರ ಗೊಣಗಾಟಕ್ಕೆ ಮುಗಿಯಬಹುದು. ಕಾಡಿನ ಅಂಚಿನಲ್ಲಿ ಹಾಗಲ್ಲ. ಬೆಲ್ಟ್ ಕಿತ್ತುಕೊಂಡು ಇನ್ನೊಂದು ನಾಯಿಯನ್ನು ಅಟ್ಟಿಸಿಕೊಂಡು ಹೋದವನು ಹೊಲ ದಾಟಿದರೆ ಮುಂದೆ ಚಿರತೆ ಇರುವ ಜಾಗ, ಚಿರತೆಗೆ ನಾಯಿ ಸುಲಭದ ಊಟ. ಜೊತೆಗೆ ರೋಗದ ಲೆಕ್ಕ ಬೇರೆ. ಊರ ನಾಯಿಗಳ ಡಿಸ್ಟೆಂಪರ್ ವೈರಸ್ ಕಾಡಿನ ಸೀಳುನಾಯಿಗೂ ಹುಲಿಗೂ ತಗಲಬಲ್ಲದು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸತ್ತ ಹಲವು ಸಿಂಹಗಳಲ್ಲಿ ಸಿಕ್ಕಿದ್ದು ಇದೇ ವೈರಸ್. ಹಾಗಾಗಿ ಕರಿಯನ ಮನೆಯವರ ಮುಂದೆ ಇದ್ದದ್ದು ಎರಡೇ ದಾರಿ: ಜೀವಮಾನವಿಡೀ ಚೈನು, ಇಲ್ಲವೇ ಯಾರಿಗಾದರೂ ಕೊಟ್ಟುಬಿಡೋದು. ಮೂರನೇ ದಾರಿ ಇದೆಯಾ ಅಂತ ರಜೆಯಲ್ಲಿ ನಾವು ನಾಲ್ವರು ಓದಿ, ಮಾಡಿ ನೋಡಿದ್ದರ ಪಾಠ ಇದು.

ಮೊದಲು ‘ಹಟಮಾರಿ’ ಅನ್ನುವ ಮಾತು. ಕರಿಯನ ಅಪ್ಪ ಮುಧೋಳ ತಳಿ ಅಂತಾರೆ, ಉದ್ದ ಕಾಲು, ಸಣ್ಣ ಸೊಂಟ ನೋಡಿದರೆ ನಂಬಬಹುದು. ಮುಧೋಳ ಅಂದರೆ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಮ್ಮದೇ ಬಾಗಲಕೋಟೆಯ ಬೇಟೆನಾಯಿ. ಅದು ಮೂಗಿಗಿಂತ ಕಣ್ಣು ನಂಬುವ ತಳಿ. ಬೇಟೆ ಕಂಡರೆ ಒಡೆಯನ ಅಪ್ಪಣೆಗೆ ಕಾಯದೆ ಓಡಬೇಕು, ಕಾದರೆ ಮೊಲ ಹೋಯ್ತು. ತಲೆಮಾರುಗಳಿಂದ ‘ನೀನೇ ನಿರ್ಧಾರ ಮಾಡು’ ಅಂತ ಆರಿಸಿ ಬೆಳೆಸಿದ ನಾಯಿಯನ್ನು ಈಗ ಮಾತು ಕೇಳಲ್ಲ ಅಂತ ಬೈದರೆ ಹೇಗೆ? ಹಟ ಇರುವ ನಾಯಿಯೇ ಕೆಲಸಕ್ಕೆ ಬರೋದು. ಬಂಡೀಪುರದಲ್ಲಿ ರಾಣಾ ಅನ್ನುವ ಜರ್ಮನ್ ಶೆಫರ್ಡ್ ಇತ್ತು, ಭೋಪಾಲ್‌ನಲ್ಲಿ ತರಬೇತಿ ಪಡೆದದ್ದು. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಸುತ್ತ ಜನರ ಮೇಲೆ ಎರಗಿದ ಹುಲಿಯನ್ನು ಹುಡುಕುವಾಗ ಅರಣ್ಯ ಇಲಾಖೆ ಅದನ್ನೂ ಕರೆದೊಯ್ದಿತ್ತು. ಹುಲಿಯ ವಾಸನೆ ಬಂದರೂ ಜಾಡು ಬಿಡದ ಗುಣಕ್ಕೆ ಹಟ ಅನ್ನದೆ ಇನ್ನೇನನ್ನೋಣ?

ಎರಡನೇದು, ಊರಲ್ಲಿ ಎಲ್ಲರೂ ಕೊಡುವ ಸಲಹೆ: ‘ಯಜಮಾನ ಯಾರು ಅಂತ ತೋರಿಸು, ಎರಡು ಬಿಡು.’ ಇದರ ಬೇರು ತೋಳಗಳಲ್ಲಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಬೋನಿನಲ್ಲಿ ಕೂಡಿಟ್ಟ ತೋಳಗಳು ಮೇಲಾಟಕ್ಕೆ ಕಚ್ಚಾಡುವುದನ್ನು ಬರೆದರು. ‘ಆಲ್ಫಾ’ ತೋಳದ ಮಾತನ್ನು ಮುಂದೆ ಜನಪ್ರಿಯ ಮಾಡಿದ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ಅದನ್ನು ತಿದ್ದಿದರು: ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಹಾಸ್ಟೆಲ್ ರೂಮಲ್ಲಿ ಹತ್ತು ಜನರನ್ನು ಕೂಡಿಹಾಕಿ, ಆ ಜಗಳ ನೋಡಿ, ಮನುಷ್ಯರ ಸಂಸಾರ ಹೀಗೇ ಅಂದಂತಾಯ್ತು ಹಳೆಯ ತೀರ್ಮಾನ.

ಹೊಡೆತದಿಂದ ಇನ್ನೂ ದೊಡ್ಡ ನಷ್ಟ ಇದೆ. ಎದುರು ನಾಯಿ ಕಂಡಾಗಲೆಲ್ಲ ಕುತ್ತಿಗೆಗೆ ಏಟು ಬಿದ್ದರೆ, ಕರಿಯ ಕಲಿಯೋದು ‘ನಾಯಿ ಬಂತು, ನೋವು ಬಂತು’ ಅಂತ. ಗುರ್ ಅಂದದ್ದಕ್ಕೆ ಹೊಡೆದರೆ ಗುರ್ ಅನ್ನೋದು ನಿಲ್ಲಬಹುದು, ಒಳಗಿನ ಭಯ ನಿಲ್ಲಲ್ಲ. ಆಮೇಲೆ ಎಚ್ಚರಿಕೆ ಕೊಡದೇ ಕಚ್ಚುವ ನಾಯಿ ಸಿಗುತ್ತೆ. ಫೈರ್ ಅಲಾರಂನ ಬ್ಯಾಟರಿ ಕಿತ್ತು ಬೆಂಕಿ ಆರಿತು ಅಂದುಕೊಂಡ ಹಾಗೆ.

ಈಗ ನಮ್ಮ ಭಾಷೆಗೆ ಬರೋಣ. ನಾಯಿಯ ಸಿಟ್ಟಿಗೆ ಒಂದು ಥ್ರೆಶೋಲ್ಡ್ ಇದೆ, ಅದನ್ನು ದೂರದಲ್ಲಿ ಅಳೆಯಬಹುದು. ಎದುರು ನಾಯಿ ಎಷ್ಟು ದೂರದಲ್ಲಿದ್ದರೆ ಕರಿಯ ನೋಡಿಯೂ ನಮ್ಮ ಕೈಯಿಂದ ತಿಂಡಿ ತಿನ್ನುತ್ತಾನೆ? ಅದನ್ನು ನಾವು ಕರೆಂಟ್ ಕಂಬದಲ್ಲಿ ಅಳೆದೆವು. ಮೊದಲ ದಿನ ಎರಡು ಕಂಬ. ಅದಕ್ಕಿಂತ ಹತ್ತಿರವಾದರೆ ಬಾಯಿ ಮುಚ್ಚುತ್ತಾನೆ, ಕಿವಿ ಮುಂದಕ್ಕೆ, ಕಣ್ಣು ನೆಟ್ಟಗೆ, ಮೊಟ್ಟೆ ಮೂಗಿಗೆ ಹಿಡಿದರೂ ಬೇಡ. ತಿನ್ನದೇ ಇರೋದೇ ನಮ್ಮ ಮೀಟರ್. ಒಮ್ಮೆ ಸಿಟ್ಟೆದ್ದ ಮೇಲೆ ಎರಡು ಕಂಬಕ್ಕೆ ಹಿಂದೆ ಸರಿದರೆ ಸಾಲಲ್ಲ, ನಾಲ್ಕು ಕಂಬ ಬೇಕು. ಶ್ಮಿಟ್ ಟ್ರಿಗರ್ ಓದಿದವರಿಗೆ ಇದು ಹೊಸದಲ್ಲ: ಆನ್ ಆಗುವ ಮಟ್ಟ ಬೇರೆ, ಆಫ್ ಆಗುವ ಮಟ್ಟ ಬೇರೆ. ಇನ್ನೊಂದು ವಿಷಯ, ಬೆಳಿಗ್ಗೆ ಪಟಾಕಿ, ಹತ್ತಕ್ಕೆ ಟ್ರ್ಯಾಕ್ಟರ್, ಸಂಜೆ ಒಂದು ನಾಯಿ — ಇವು ಒಂದರ ಮೇಲೊಂದು ಕೂಡುತ್ತವೆ, ಕೆಪಾಸಿಟರ್ ಚಾರ್ಜ್ ಆದ ಹಾಗೆ. ಇಳಿಯೋಕೆ ಗಂಟೆಗಟ್ಟಲೆ ಬೇಕು. ಅಂಥ ದಿನ ಪಾಠಕ್ಕೆ ರಜ.

ಪಾಠ ಅಂದರೆ ಇಷ್ಟೇ. ಥ್ರೆಶೋಲ್ಡಿನ ಆಚೆ ನಿಲ್ಲಿ. ಎದುರು ನಾಯಿ ಕಾಣಿಸಲಿ, ಕರಿಯ ಅದನ್ನು ನೋಡಲಿ, ನೋಡಿದ ಒಂದು ಸೆಕೆಂಡಿನೊಳಗೆ ಬೇಯಿಸಿದ ಮೊಟ್ಟೆಯ ಚೂರೋ ಕೋಳಿ ಲಿವರೋ ಬಾಯಿಗೆ ಬೀಳಲಿ. ಕಡಲೆಕಾಳಿನಷ್ಟು ಸಾಕು, ರಾತ್ರಿ ಮುದ್ದೆ ಸ್ವಲ್ಪ ಕಡಿಮೆ ಮಾಡಿ. ಎದುರು ನಾಯಿ ಮರೆಯಾಯ್ತಾ, ತಿಂಡಿಯೂ ಬಂದ್. ಕ್ರಮ ಮುಖ್ಯ: ಮೊದಲು ನಾಯಿ, ಆಮೇಲೆ ತಿಂಡಿ. ತಿಂಡಿ ತೋರಿಸಿ ಆಮೇಲೆ ನಾಯಿ ತಂದರೆ, ತಿಂಡಿ ಕಂಡರೇ ಅನುಮಾನ ಪಡೋಕೆ ಶುರು ಮಾಡ್ತಾನೆ. ಪಾವ್ಲೋವ್ ಗಂಟೆ ಊಟಕ್ಕೆ ಮೊದಲು ಬಾರಿಸಿದ್ದು ಸುಮ್ಮನೆ ಅಲ್ಲ. ದಿನಗಳ ಮೇಲೆ ಒಂದು ಹಂತ ಬರುತ್ತೆ: ನಾಯಿ ನೋಡಿ, ತಾನಾಗೇ ತಿರುಗಿ ನಿಮ್ಮ ಮುಖ ನೋಡ್ತಾನೆ, ‘ಎಲ್ಲಿ ನನ್ನ ಪಾಲು?’ ಅಂತ. ಆಗ ಹತ್ತು ಹೆಜ್ಜೆ ಹತ್ತಿರ ಹೋಗಿ, ಅದಕ್ಕಿಂತ ಹೆಚ್ಚು ಬೇಡ. ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಬೆಲ್ಟ್ ಸಡಿಲ ಇರಲಿ. ಬಿಗಿ ಎಳೆದರೆ ನಮ್ಮ ಗಾಬರಿ ಅದರ ಕುತ್ತಿಗೆಗೆ ಇಳಿಯುತ್ತೆ.

ಕಷ್ಟ ಇರೋದು ಮದ್ದೂರಿನ ಗಡಿಯಾರದಲ್ಲಿ. ಕತ್ತಲಾದ ಮೇಲೆ ಆನೆ, ಚಿರತೆ ಭಯ, ಹೊರಗೆ ಹೋಗೋ ಹಾಗಿಲ್ಲ. ಮುಂಜಾನೆ ಬೀದಿನಾಯಿಗಳ ರಾಜ್ಯ. ನಡುಮಧ್ಯಾಹ್ನ ಅವೆಲ್ಲ ನೆರಳಲ್ಲಿ ಮಲಗಿರುತ್ತವೆ, ಆದರೆ ಟಾರು ರಸ್ತೆ ಕರಿಯನ ಪಾದ ಸುಡುತ್ತೆ. ಕೊನೆಗೆ ಮಣ್ಣಿನ ದಾರಿಯಲ್ಲಿ ಸಂಜೆ 4ರ ನಂತರದ ಒಂದು ಗಂಟೆ ಗಟ್ಟಿ ಮಾಡಿಕೊಂಡೆವು. ಬೀದಿನಾಯಿಗೆ ನಮ್ಮ ಕಂಬದ ಲೆಕ್ಕ ಗೊತ್ತಿಲ್ಲ, ಅದೇ ಮೇಲೆ ಬರುತ್ತೆ. ಅದಕ್ಕೆ ‘ಬಾರೋ’ ಅಂದರೆ ಗಕ್ಕನೆ ತಿರುಗಿ ನಮ್ಮ ಜೊತೆ ಬರೋದನ್ನು, ಯಾವ ನಾಯಿಯೂ ಇಲ್ಲದ ಮನೆ ಅಂಗಳದಲ್ಲೇ ನೂರು ಸಲ ಆಟದ ಹಾಗೆ ಕಲಿಸಿದ್ದೆವು. ತಿರುಗಿ ನಿಂತ ಬೈಕಿನ ಹಿಂದೆಯೋ ಬೇಲಿ ಮರೆಗೋ ಹೋಗಿ, ಒಂದು ಹಿಡಿ ತಿಂಡಿ ನೆಲಕ್ಕೆ ಚೆಲ್ಲಿದರೆ ಮೂಸಿ ಹುಡುಕುವಷ್ಟರಲ್ಲಿ ಗಂಡಾಂತರ ದಾಟಿರುತ್ತೆ.

ಬಾಯಿಗೆ ಕುಕ್ಕೆ ಹಾಕೋದನ್ನು ಅವಮಾನ ಅಂತ ತಿಳಿಯಬೇಡಿ, ಎತ್ತಿಗೆ ಹಾಕಲ್ವಾ? ಆದರೆ ಬಾಯಿ ತೆರೆದು ತೇಕೋಕೆ, ನೀರು ಕುಡಿಯೋಕೆ ಆಗುವ ಬುಟ್ಟಿಯಂಥದ್ದು ಬೇಕು. ನಾಯಿ ಮೈ ತಂಪು ಮಾಡಿಕೊಳ್ಳೋದೇ ತೇಕಿ. ಹಗ್ಗದಲ್ಲಿ ಮೂತಿ ಬಿಗಿದರೆ ಬಿಸಿಲಲ್ಲಿ ಪ್ರಾಣಕ್ಕೇ ಸಂಚಕಾರ. ಇಷ್ಟೆಲ್ಲ ಮಾಡಿಯೂ ಕಚ್ಚಾಟ ಹತ್ತಿದರೆ ನಡುವೆ ಕೈ ಹಾಕಬೇಡಿ. ಆ ಹೊತ್ತಿನಲ್ಲಿ ನಿಮ್ಮ ನಾಯಿಗೆ ನಿಮ್ಮ ಕೈಯ ಗುರುತೂ ಹತ್ತಲ್ಲ. ಬಕೆಟ್ ನೀರು ಎರಚಿ ಇಲ್ಲವೇ ಗೋಣಿಚೀಲ ಮೇಲೆ ಎಸೆಯಿರಿ. ಹಲ್ಲು ತಾಗಿತಾ, ನಲ್ಲಿ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಶುರು ಮಾಡಿ, ಹೇಳಿದ ದಿನಗಳಂದು ಪೂರ್ತಿ ಮಾಡಿ. ‘ನಮ್ಮದೇ ನಾಯಿ’ ಅನ್ನೋದು ಔಷಧಿ ಅಲ್ಲ. ನಾಯಿಗೂ ವರ್ಷ ವರ್ಷ ರೇಬೀಸ್ ಲಸಿಕೆ, ಜೊತೆಗೆ ಡಿಸ್ಟೆಂಪರ್ ಲಸಿಕೆ ಆಗಿರಬೇಕು.

ಆರು ವಾರದಲ್ಲಿ ಕರಿಯನ ಲೆಕ್ಕ ಎರಡು ಕಂಬದಿಂದ ಅರ್ಧ ಕಂಬಕ್ಕೆ ಇಳಿದಿದೆ. ಕಾಲೇಜು ಶುರುವಾದ ಮೇಲೆ ಪಾಠ ನಡೆಸುತ್ತಿರೋದು ಗೆಳೆಯನ ಅಜ್ಜಿ, ನಮಗಿಂತ ಅವರ ಟೈಮಿಂಗ್ ಚೆನ್ನಾಗಿದೆಯಂತೆ. ಟೀ ಅಂಗಡಿಯ ಕೆಂದ ನಾಯಿಗೆ ಮಾತ್ರ ಇನ್ನೂ ಒಂದೂವರೆ ಕಂಬ ಬೇಕು.